ಹಲವು ತೂಬು, ಒಂದೇ ಕಾಲುವೆ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ, ಒಬ್ಬ ಮನುಷ್ಯ ಒಂದೇ ಕಾಲಕ್ಕೆ ಹಲವು ವಿದ್ಯೆಗಳಲ್ಲಿ ಪಳಗಬಹುದೇ ಎಂಬುದು. ಇಂಥ ವಿಷಯಕ್ಕೆ ಸಾಹಿತಿಗಳನ್ನೋ ಪ್ರಾಧ್ಯಾಪಕರನ್ನೋ ಕರೆಯುವುದು ವಾಡಿಕೆ. ನಾನು ಸಿವಿಲ್ ಎಂಜಿನಿಯರು. ನೌಕರಿಯ ಬಹುಪಾಲು ಕೃಷ್ಣಾ ಕಣಿವೆಯ ಕಾಲುವೆಗಳ ಮೇಲೆ ಕಳೆಯಿತು. ಆದ್ದರಿಂದ ಮಾತು ನಡುನಡುವೆ ನೀರಿನ ಕಡೆಗೆ ಹರಿದರೆ ತಾವು ಸಹಿಸಿಕೊಳ್ಳಬೇಕು.

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. 'ಎರಡು ದೋಣಿಯ ಮೇಲೆ ಕಾಲಿಡಬೇಡ' ಎನ್ನುತ್ತೇವೆ. ಹತ್ತನೆಯ ಇಯತ್ತೆ ಮುಗಿಯುತ್ತಿದ್ದಂತೆ ಮಗುವಿನ ತಬಲಾ ಅಟ್ಟಕ್ಕೆ ಏರುತ್ತದೆ, ಬಣ್ಣದ ಡಬ್ಬಿ ತಮ್ಮನ ಪಾಲಾಗುತ್ತದೆ. ಹೀಗೆ ಮಾಡುವ ನಾವೇ ಜುಲೈ 2 ಬಂದಾಗ ಡಾ. ಫ.ಗು. ಹಳಕಟ್ಟಿಯವರ ಭಾವಚಿತ್ರಕ್ಕೆ ಹೂವು ಏರಿಸಿ, 'ಎಷ್ಟೊಂದು ಕೆಲಸ ಮಾಡಿದ ಪುಣ್ಯಾತ್ಮ!' ಎಂದು ಚಪ್ಪಾಳೆ ತಟ್ಟುತ್ತೇವೆ. ಈ ಎರಡಕ್ಕೂ ಹೇಗೆ ಹೊಂದಾಣಿಕೆ? ಹಳಕಟ್ಟಿಯವರು ಒಂದೇ ದೋಣಿ ಹಿಡಿದಿದ್ದರೆ ಒಬ್ಬ ಅನುಕೂಲಸ್ಥ ವಕೀಲರಾಗಿ ತೀರಿಕೊಳ್ಳುತ್ತಿದ್ದರು. ಇವತ್ತು ನಾವು ಓದುವ ವಚನಗಳಲ್ಲಿ ಎಷ್ಟು ನಮಗೆ ಸಿಗುತ್ತಿದ್ದವೋ ಬಲ್ಲವರು ಯಾರು?

ಅವರ ಬದುಕನ್ನು ಭಕ್ತಿಯಿಂದ ನೋಡಿದವರು ಬಹಳ ಮಂದಿ. ನಾನು ಒಂದು ಕಾಮಗಾರಿಯ ವೇಳಾಪಟ್ಟಿ ನೋಡುವ ಹಾಗೆ ನೋಡಿದ್ದೇನೆ. ಯಾವ ಕೆಲಸ ಯಾವಾಗ ಆರಂಭವಾಯಿತು, ಅದಕ್ಕೆ ಮೊದಲು ಏನು ಮುಗಿದಿತ್ತು ಎಂದು ಬರೆದುಕೊಂಡೆ. ಕೇಳಿ. ಹುಟ್ಟಿದ್ದು 1880, ಧಾರವಾಡದಲ್ಲಿ. ಕಾನೂನು ಪದವಿ 1904. ತಾಡೋಲೆಯ ವಚನಗಳ ನಂಟು ಬೆಳೆದದ್ದೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ, ರಬಕವಿ-ಬನಹಟ್ಟಿಯ ಕಡೆ ಒಂದು ಮನೆಯಲ್ಲಿ ಕಟ್ಟುಗಳನ್ನು ಕಂಡದ್ದರಿಂದ. ಆಮೇಲೆ ವಿಜಾಪುರದಲ್ಲಿ ವಕೀಲಿ. 1910ರಲ್ಲಿ ವಿದ್ಯಾಸಂಸ್ಥೆ, ಅದೇ ಇಂದಿನ ಬಿ.ಎಲ್.ಡಿ.ಇ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ಇದರ ನಡುವೆ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬೇರೆ.

ಭಾಷಣಗಳಲ್ಲಿ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಅವರು ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು ಎಂಬ ಭಾವನೆ ಬರುತ್ತದೆ. ಇಸವಿಗಳು ಬೇರೆಯೇ ಹೇಳುತ್ತವೆ. ಓಲೆ ಕಂಡ ಮೇಲೆ ಪುಸ್ತಕ ಬರಲು ಸುಮಾರು 20 ವರ್ಷ ಹಿಡಿಯಿತು. ಆ 20 ವರ್ಷ ಅವರು ವಚನವನ್ನು ಬಿಡಲೂ ಇಲ್ಲ, ಅದೊಂದನ್ನೇ ಹಿಡಿದು ಕೂರಲೂ ಇಲ್ಲ. ಮೊದಲು ವಕೀಲಿ ನೆಲೆ ನಿಲ್ಲಲಿ ಎಂದರೋ ಏನೋ, ಅದು ನಿಂತಿತು. ಸಂಸ್ಥೆ ಕಾಲೂರಿತು, ಬ್ಯಾಂಕಿನ ಲೆಕ್ಕ ಒಂದು ಹಳಿಗೆ ಬಂತು. ಅಚ್ಚಿನ ಕೆಲಸಕ್ಕೆ ನೇರವಾಗಿ ಇಳಿದಾಗ ಅವರಿಗೆ 40 ದಾಟಿತ್ತು. ಒಂದು ಗೇಟು ತೆರೆದು, ಅದರ ನೀರು ಹೊಲ ತಲುಪಿದ ಮೇಲೆ ಮುಂದಿನ ಗೇಟು.

ಇಲ್ಲಿ ಕಾಲುವೆಯ ಮಾತು ಹೇಳಲೇಬೇಕು. ನಮ್ಮ ಕಡೆಯ ರೈತರಿಗೆ 'ಚಾಲು-ಬಂದ್' ಎಂದರೆ ಗೊತ್ತು. ಇಷ್ಟು ದಿನ ಕಾಲುವೆಗೆ ನೀರು ಚಾಲು, ಇಷ್ಟು ದಿನ ಬಂದ್. ಹೊಸದಾಗಿ ನೌಕರಿಗೆ ಸೇರಿದಾಗ ರೈತರು ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ. 'ಸಾಹೇಬರ, ಬಂದ್ ಯಾಕ ಮಾಡ್ತೀರಿ? ನೀರು ಕಡಿಮಿ ಇದ್ರ ಎಲ್ಲಾ ಕಾಲುವಿಗೂ ಅರ್ಧರ್ಧ ಬಿಡ್ರಿ, ದಿನಾ ಹರೀಲಿ.' ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಾಗೆ ಮಾಡಿದರೆ ಏನಾಗುತ್ತದೆ ಗೊತ್ತೇ? ಕಾಲುವೆಯನ್ನು ಪೂರ್ಣ ಮಟ್ಟದ ನೀರಿಗೆಂದು ಕಟ್ಟಿರುತ್ತಾರೆ. ಅರ್ಧ ಮಟ್ಟಕ್ಕೆ ಇಳಿದರೆ ದಂಡೆಯ ತೂಬುಗಳಿಗೆ ನೀರು ಏರುವುದಿಲ್ಲ. ಹರಿವಿನ ವೇಗ ತಗ್ಗಿ ಹೂಳು ತಳಕ್ಕೆ ಕೂರುತ್ತದೆ. ಮೇಲ್ಭಾಗದವರು ಹೇಗೋ ಎಳೆದುಕೊಳ್ಳುತ್ತಾರೆ, ಕೊನೆಯಂಚಿನವನಿಗೆ ಒದ್ದೆ ಮಣ್ಣು ಮಾತ್ರ. ಎಲ್ಲರಿಗೂ ಕೊಟ್ಟ ಹಾಗೆ ಕಾಣುತ್ತದೆ, ಯಾರಿಗೂ ಮುಟ್ಟಿರುವುದಿಲ್ಲ. ಅದಕ್ಕೇ ಕೆಲವು ಕಾಲುವೆಗಳನ್ನು ಪೂರ್ತಿ ಮುಚ್ಚಿ, ಕೆಲವನ್ನು ಪೂರ್ತಿ ತುಂಬಿಸಿ, ಸರದಿಯಂತೆ ಬದಲಿಸುತ್ತೇವೆ.

ಹಲವು ವಿದ್ಯೆ ಕಲಿಯಹೊರಟು ಸೋತವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ವಿದ್ಯೆಗಳು ಹಲವಾದದ್ದಕ್ಕೆ ಸೋತವರಲ್ಲ. ದಿನಕ್ಕೆ 15 ನಿಮಿಷ ಇದು, 15 ನಿಮಿಷ ಅದು ಎಂದು ಎಲ್ಲ ಗೇಟುಗಳನ್ನೂ ನಾಲ್ಕು ಬೆರಳು ತೆರೆದಿಟ್ಟು ಸೋತರು. ಯಾವ ತೂಬಿಗೂ ನೀರು ಏರಲಿಲ್ಲ. ಎರಡು ವರ್ಷ ಕಳೆದ ಮೇಲೆ ತಬಲಾ ಕಲಿತವನಿಗೆ ತೀನ್‌ತಾಲದ ಆಚೆ ಬಾರದು, ಇಂಗ್ಲಿಷ್ ಕಲಿತವನಿಗೆ ಪತ್ರ ಬರೆಯಲು ಬಾರದು. 'ನನಗೆ ಏಕಾಗ್ರತೆ ಇಲ್ಲರೀ' ಎನ್ನುತ್ತಾರೆ. ಏಕಾಗ್ರತೆ ಇತ್ತು, ಮಟ್ಟ ಇರಲಿಲ್ಲ.

ಹಾಗಾದರೆ ಮುಚ್ಚಿಟ್ಟ ಗೇಟಿನ ಕಥೆ? ಇದೂ ನನ್ನ ಕಸುಬಿನದೇ ಮಾತು. ತಿರುಪಿನ ಗೇಟನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ತುಕ್ಕು ಹಿಡಿದು ಜಾಮ್ ಆಗುತ್ತದೆ, ಆಮೇಲೆ ನಾಲ್ಕು ಜನ ಜೋತು ಬಿದ್ದರೂ ಏಳುವುದಿಲ್ಲ. ಬಂದ್ ಇರುವಾಗಲೂ ಗ್ರೀಸ್ ಹಚ್ಚಿ ಆಗಾಗ ಎರಡು ಸುತ್ತು ತಿರುಗಿಸಿ ಇಡಬೇಕು. ಅದು ನೀರು ಬಿಟ್ಟ ಹಾಗಲ್ಲ, ಗೇಟು ಬದುಕಿರಲಿ ಎಂದು. ವಾರಕ್ಕೊಮ್ಮೆ ಅರ್ಧ ತಾಸು ಹಾರ್ಮೋನಿಯಂ ಮುಂದೆ ಕೂತರೆ ಯಾರೂ ಸಂಗೀತಗಾರರಾಗುವುದಿಲ್ಲ. ಆದರೆ ಸರದಿ ಬಂದಾಗ ಬೆರಳು ಒಪ್ಪುತ್ತದೆ.

ಇನ್ನು ಪಳಗುವುದು ಎಂದರೇನು ಎಂಬ ಮಾತು. ಹಲವು ಹವ್ಯಾಸ ಇರುವುದು ಬೇರೆ, ಹಲವು ವಿದ್ಯೆಗಳಲ್ಲಿ ನುರಿಯುವುದು ಬೇರೆ. ವ್ಯತ್ಯಾಸ ಎಲ್ಲಿ? ನನ್ನ ಲೆಕ್ಕದಲ್ಲಿ ಒಂದೇ ಕಡೆ. ಆ ವಿದ್ಯೆಯಲ್ಲಿ ನಿಮ್ಮ ಮುಲಾಜು ನೋಡದೆ 'ಇದು ತಪ್ಪು' ಎಂದು ಹೇಳುವವರು ಇದ್ದಾರೆಯೇ, ಇಲ್ಲವೇ?

ಹಳಕಟ್ಟಿಯವರ ಒಂದೊಂದು ಕೆಲಸಕ್ಕೂ ಇಂಥ ಪರೀಕ್ಷಕನಿದ್ದ. ವಕೀಲಿಯಲ್ಲಿ ಎದುರು ವಕೀಲ, ಮೇಲೆ ನ್ಯಾಯಾಧೀಶ. ಬ್ಯಾಂಕಿನಲ್ಲಿ ಜಮಾ-ಖರ್ಚು ಪೈಸೆಗೆ ಪೈಸೆ ಕೂಡಬೇಕು, 'ನನ್ನ ಉದ್ದೇಶ ಒಳ್ಳೆಯದಿತ್ತು' ಎಂದರೆ ತಾಳೆ ಪಟ್ಟಿ ಒಪ್ಪುವುದಿಲ್ಲ. ಪತ್ರಿಕೆಗೆ ತಾರೀಖು ಇದೆ, ತಪ್ಪಿದರೆ ಚಂದಾದಾರ ಕೇಳುತ್ತಾನೆ. ಮುದ್ರಣದಲ್ಲಿ ಕರಡು ಪ್ರತಿ ಇದೆ. ಮೊಳೆ ಜೋಡಿಸುವ ಕಾಲದ ಕನ್ನಡ ಅಚ್ಚುಕೂಟವನ್ನು ತಾವು ನೋಡಿದ್ದರೆ ಗೊತ್ತು, ಗುಣಿತಾಕ್ಷರಕ್ಕೆ, ಒತ್ತಕ್ಷರಕ್ಕೆ ಎಂದು ಎಷ್ಟೊಂದು ಖಾನೆಗಳು! ಇಂಗ್ಲಿಷಿನವರಿಗೆ ಆ ಕಾಟವಿಲ್ಲ. ಒಂದು ಮೊಳೆ ತಪ್ಪು ಖಾನೆಗೆ ಬಿದ್ದರೆ ಶರಣರ ಮಾತೇ ಬೇರೆಯಾಗಿಬಿಡುತ್ತದೆ.

ಎಲ್ಲಕ್ಕಿಂತ ಕಠಿಣ ಪರೀಕ್ಷಕ ಎಂದರೆ ತಾಡೋಲೆ. ನಮ್ಮ ಮಠದ ಕಪಾಟಿನ ಕಟ್ಟುಗಳನ್ನು ನೋಡಿದವರಿಗೆ ಇದು ತಿಳಿದೀತು. ಕಂಠದಿಂದ ಕೊರೆದ ಅಕ್ಷರ, ಮಸಿ ಸವರದಿದ್ದರೆ ಕಾಣುವುದೇ ಇಲ್ಲ. ಪದಗಳ ನಡುವೆ ಬಿಡುವಿಲ್ಲ, ಸಾಲು ಎಲ್ಲಿ ಮುಗಿಯಿತು ಎಂಬ ಗುರುತಿಲ್ಲ. 'ಎ'ಗೂ 'ಏ'ಗೂ, 'ಒ'ಗೂ 'ಓ'ಗೂ ಭೇದ ತೋರಿಸುವ ಪದ್ಧತಿ ಆಗ ಇರಲಿಲ್ಲ. ನಕಲು ಮಾಡಿದವನು ನಿದ್ದೆಗಣ್ಣಿನಲ್ಲಿ ಒಂದು ಸಾಲು ಹಾರಿಸಿರುತ್ತಾನೆ, ಇನ್ನೊಬ್ಬ ತನಗೆ ತೋಚಿದ್ದನ್ನು ಸೇರಿಸಿರುತ್ತಾನೆ. ಸರಿಯಾದ ಪಾಠ ಬೇಕೆಂದರೆ ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು, ಒಂದೊಂದರ ನಂಬಿಕೆ ತೂಗಿ, ಯಾವುದು ಯಾವುದರ ನಕಲು ಎಂದು ಪತ್ತೆ ಹಚ್ಚಬೇಕು. ಇದು ಯಾರ ಕೆಲಸ ಹೇಳಿ? ಸಾಕ್ಷಿಗಳನ್ನು ಪಾಟೀಸವಾಲು ಮಾಡಿ ಅಭ್ಯಾಸವಿದ್ದವನ ಕೆಲಸ. ಕೋರ್ಟಿನ ಕರಿಕೋಟು ಅವರ ವಚನ ಕಾರ್ಯಕ್ಕೆ ಅಡ್ಡಿಯಾಯಿತು ಎಂದು ನನಗೆ ಅನಿಸುವುದಿಲ್ಲ. ಒಬ್ಬ ಸಾಕ್ಷಿಯ ಮಾತನ್ನೇ ನಂಬಬಾರದು ಎಂಬ ಪಾಠವನ್ನು ಕೋರ್ಟು ಹಗಲಿಡೀ ಕಲಿಸುತ್ತಿತ್ತು, ಅದು ಓಲೆಯ ಮುಂದೆ ಉಪಯೋಗಕ್ಕೆ ಬಂತು. ಒಂದು ವಿದ್ಯೆಯ ಬಸಿ ನೀರು ಇನ್ನೊಂದರ ಹೊಲಕ್ಕೆ ಇಳಿಯಿತು ಎನ್ನೋಣ.

ಹೀಗೆ ಇಳಿಯುವುದು ಬೇರೆಯವರಲ್ಲೂ ಕಾಣುತ್ತದೆ. ಬಿ.ಜಿ.ಎಲ್. ಸ್ವಾಮಿಯವರನ್ನು ಓದಿದ ಮಕ್ಕಳು ಇಲ್ಲಿ ಎಷ್ಟು ಜನ ಇದ್ದೀರಿ? ಎರಡು ಕೈ ಕಾಣುತ್ತಿವೆ, ಸಂತೋಷ. ಅವರು ಡಿ.ವಿ.ಜಿ.ಯವರ ಮಗ, ಸಸ್ಯಶಾಸ್ತ್ರಜ್ಞರು. ಹಾರ್ವರ್ಡಿನಲ್ಲಿ ಬೈಲಿ ಎಂಬ ದೊಡ್ಡ ವಿಜ್ಞಾನಿಯ ಜೊತೆ ಸಂಶೋಧನೆ ಮಾಡಿ ಬಂದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಲಿಸಿದವರು. 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕದ ಗೆರೆಚಿತ್ರಗಳನ್ನೂ ಅವರೇ ಬರೆದರು. ಸೂಕ್ಷ್ಮದರ್ಶಕದಲ್ಲಿ ಕಾಂಡದ ಸೀಳು ನೋಡಿ ಕಂಡಷ್ಟನ್ನೇ ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಹಾಗೆ ಪಳಗಿದ ಕೈ ಅದು. ಅದೇ ಕೈ ಸಹೋದ್ಯೋಗಿಯ ಮೂಗನ್ನು ಬರೆಯಲು ಕೂತಾಗ ನಮಗೆ ನಗು ತಡೆಯಲಾಗುವುದಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಸಸ್ಯಶಾಸ್ತ್ರದ ಪುಸ್ತಕ ನನಗೆ ಇನ್ನೊಂದು ಸಿಕ್ಕಿಲ್ಲ.

ನನ್ನದೂ ಒಂದು ಸಣ್ಣ ಅನುಭವ ಇದೆ. ಭೂಸ್ವಾಧೀನದ ಕಡತಗಳ ಜೊತೆ ಹಳೆಯ ಮೋಡಿ ಲಿಪಿಯ ಕಾಗದಗಳು ಬರುತ್ತಿದ್ದವು. ಓದುವವರು ಸಿಗದೆ ಫೈಲು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ನಾನೇ ಕಲಿಯೋಣ ಎಂದು ಒಬ್ಬ ಹಿರಿಯರ ಹತ್ತಿರ ಹೋದೆ. ಆಗ ನನಗೆ 41. ಅವರು ನನ್ನ ಹುದ್ದೆಗೆ ಕಿಮ್ಮತ್ತು ಕೊಡಲಿಲ್ಲ. ನಾನು ಓದಿ ಒಪ್ಪಿಸಿದ ಕಾಗದವನ್ನು ತಿರುಗಿಸಿ, 'ಇದರಾಗ ಹೊಲದ ಸೀಮಿ ಎಲ್ಲೈತಿ, ಮೂಡಲಕ್ಕ ಏನೈತಿ, ಬೆರಳಿಟ್ಟು ತೋರಸ್ರಿ' ಎನ್ನುತ್ತಿದ್ದರು. ಮಳೆಗಾಲದಲ್ಲಿ ಕಾಲುವೆ ಕೆಲಸ ನಿಲ್ಲುವ ದಿನಗಳು ಮೋಡಿಯವು. ಬೇಸಿಗೆಯಲ್ಲಿ ಕಾಮಗಾರಿ ಜೋರಿದ್ದಾಗ ವಾರಕ್ಕೆ ಒಂದು ಕಾಗದ, ಅಷ್ಟೇ. ಮೂರು ಮಳೆಗಾಲ ಹಿಡಿಯಿತು. ಆಮೇಲೆ ಆ ಹಳೆಯ ಕಾಗದಗಳಲ್ಲಿ ಕೆರೆಯ ಪಾತಳಿ, ಹಳ್ಳದ ಹಳೆಯ ಹೆಸರು, ಎಲ್ಲಿ ನೀರು ನಿಲ್ಲುತ್ತಿತ್ತು ಎಂಬುದೆಲ್ಲ ಸಿಗತೊಡಗಿತು. ನಕಾಶೆಯಲ್ಲಿ ಇಲ್ಲದ ಹಳ್ಳ ಕಾಗದದಲ್ಲಿ ಇರುತ್ತಿತ್ತು.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಕಳೆದ ತಿಂಗಳು ಗೋಷ್ಠಿ ಮುಗಿದ ಮೇಲೆ ಒಬ್ಬ ತಂದೆ ನನ್ನನ್ನು ಪಕ್ಕಕ್ಕೆ ಕರೆದರು. ಮಗಳು ಪಿಯುಸಿ ಎರಡನೆಯ ವರ್ಷ, ವಿಜ್ಞಾನ. ಹಿಂದೂಸ್ತಾನಿ ಗಾಯನ ಕಲಿಯುತ್ತಾಳೆ, ಸೀನಿಯರ್ ಪರೀಕ್ಷೆ ಕಟ್ಟಬೇಕು ಎನ್ನುತ್ತಾಳೆ. ಚೆಸ್ ಆಡುತ್ತಾಳೆ, ಚಿತ್ರ ಬರೆಯುತ್ತಾಳೆ. 'ಸರ್, ಎಲ್ಲಾ ಬಿಟ್ಟು ಬರೇ ಓದು ಅಂತ ನೀವs ಹೇಳ್ರಿ. ನಿಮ್ಮ ಮಾತು ಕೇಳ್ತಾಳ' ಎಂದರು. ಅವರನ್ನು ನಾನು ಟೀಕಿಸುವುದಿಲ್ಲ. ಸರಕಾರಿ ಸೀಟು ಸಿಗದಿದ್ದರೆ ಫೀ ಎಷ್ಟು ಎಂಬುದು ಅವರಿಗೆ ಗೊತ್ತು. ಆ ಹಣ ಅವರ ಹತ್ತಿರ ಇಲ್ಲ ಎಂಬುದು ನನಗೂ ಗೊತ್ತು. ಹೊಟ್ಟೆಯ ಚಿಂತೆ ಇರುವವರ ಮುಂದೆ 'ಪ್ರತಿಭೆಯನ್ನು ಅರಳಲು ಬಿಡಿ' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳಕಟ್ಟಿಯವರಿಗೂ ಮೊದಲು ವಕೀಲಿ ಇತ್ತು ಎಂಬುದನ್ನು ಮರೆಯಬಾರದು.

ಆದರೂ ಅವರು ಕೇಳಿದ ಮಾತನ್ನು ನಾನು ಆ ಹುಡುಗಿಗೆ ಹೇಳಲಿಲ್ಲ. ನಮ್ಮ ಕರಿಮಣ್ಣಿನ ಹೊಲಗಳನ್ನು ನೋಡಿ. ನೀರು ಬಂತು ಎಂದು ವರ್ಷವಿಡೀ ಒಂದೇ ಹೊಲಕ್ಕೆ, ಒಂದೇ ಬೆಳೆಗೆ ನೀರು ಬಿಟ್ಟವರ ಭೂಮಿ ಏನಾಯಿತು? ಸವಳು-ಜವಳು. ಬಸಿಯಲು ದಾರಿಯಿಲ್ಲದೆ ಅಂತರ್ಜಲ ಮೇಲೇರುತ್ತದೆ, ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ, ಬಿತ್ತಿದ ಬೀಜ ಮೊಳೆಯುವುದಿಲ್ಲ. ನೀರು ಕಡಿಮೆಯಾಗಿ ಕೆಟ್ಟ ಹೊಲ ಮುಂದಿನ ಮಳೆಗೆ ಸುಧಾರಿಸುತ್ತದೆ. ಸವಳಾದ ಹೊಲ ಸುಧಾರಿಸಲು ವರ್ಷಗಳು ಬೇಕು, ಬಸಿಗಾಲುವೆ ತೋಡಬೇಕು, ಖರ್ಚು ಬಹಳ. ದಿನಕ್ಕೆ 16 ತಾಸು ಒಂದನ್ನೇ ಓದಿಸಿದ ಮಕ್ಕಳ ಕಣ್ಣಿನಲ್ಲಿ ನಾನು ಆ ಬಿಳಿ ಉಪ್ಪನ್ನು ಕಂಡಿದ್ದೇನೆ. ಹಾಡು ಆ ಹುಡುಗಿಗೆ ಬಸಿಗಾಲುವೆ.

ಆ ತಂದೆ-ಮಗಳನ್ನು ಕೂರಿಸಿಕೊಂಡು ಒಂದು ಚಾಲು-ಬಂದ್ ಪಟ್ಟಿ ಮಾಡಿದೆವು. ಚಿತ್ರಕ್ಕೆ ಸದ್ಯ ಯಾವ ಪರೀಕ್ಷಕನೂ ಇಲ್ಲ, ಗೆಳತಿಯರು ಮೊಬೈಲಿನಲ್ಲಿ ಹೆಬ್ಬೆರಳು ಒತ್ತುತ್ತಾರೆ, ಅಷ್ಟೇ. ಅದು ಹವ್ಯಾಸ, ಸಂತೋಷಕ್ಕೆ ಇರಲಿ, ಲೆಕ್ಕಕ್ಕೆ ಹಿಡಿಯುವುದು ಬೇಡ. ಚೆಸ್ಸಿನಲ್ಲಿ ಎದುರು ಕುಳಿತವನೇ ಪರೀಕ್ಷಕ, ಸೋತರೆ ಸೋಲು. ಆದರೆ ಅದು ಓದಿನ ಹೊಲಕ್ಕೇ ತಾಗಿದ ಗೇಟು, ಎರಡೂ ಒಂದೇ ನೀರು ಎಳೆಯುತ್ತವೆ. ಪರೀಕ್ಷೆ ಮುಗಿಯುವ ತನಕ ಬಂದ್, ಭಾನುವಾರ ಗ್ರೀಸ್. ಗಾಯನಕ್ಕೆ ಗುರುಗಳಿದ್ದಾರೆ, ಸುಳ್ಳು ಸ್ವರಕ್ಕೆ ತೊಡೆ ತಟ್ಟುವುದನ್ನು ನಿಲ್ಲಿಸುವವರು. ಬೆಳಗಿನ ಮುಕ್ಕಾಲು ತಾಸು ಅದರದು, ಕಡಿಮೆಯಿಲ್ಲ. ಸೀನಿಯರ್ ಪರೀಕ್ಷೆ ಒಂದು ವರ್ಷ ಮುಂದಕ್ಕೆ. ಇದನ್ನೆಲ್ಲ ಅವಳೇ ಬರೆದಳು. ನಾನು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದೆ, ಅಷ್ಟೇ. ತಂದೆ ಸಹಿ ಹಾಕಲು ಸ್ವಲ್ಪ ಹಿಂದೆ-ಮುಂದೆ ನೋಡಿದರು, ಆಮೇಲೆ ಹಾಕಿದರು.

'ಹುಡುಗಿಯಾದ್ದರಿಂದ ಇಷ್ಟು ಹಟ ಮಾಡಿದಿರಾ' ಎಂದು ಒಬ್ಬರು ನನ್ನನ್ನು ಕೇಳಿದರು. ಹೌದು, ಅದೂ ಇದೆ. ನನ್ನ ಅಕ್ಕನ ಮಾತು ಹೇಳುತ್ತೇನೆ, ಅವಳಿಗೀಗ 74. ಲೆಕ್ಕದಲ್ಲಿ ನನಗಿಂತ ಚುರುಕು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು, ಶಾಲೆ ನಿಂತಿತು. ಎಂಜಿನಿಯರಿಂಗಿಗೆ ಹೋದವನು ನಾನು. ಅವಳ ಕೈಗೆ ಉಳಿದದ್ದು ಸೂಜಿ-ದಾರ. ಇಳಕಲ್ ಸೀರೆಯ ಮೇಲೆ ಅವಳು ಹಾಕಿದ ಕಸೂತಿಯನ್ನು ನಾನು ವರ್ಷಗಟ್ಟಲೆ ಬರೀ 'ಚಂದ ಐತಿ' ಎಂದು ನೋಡುತ್ತಿದ್ದವನು, ಒಮ್ಮೆ ಪಕ್ಕದಲ್ಲಿ ಕುಳಿತು ಹೇಗೆ ಹಾಕುತ್ತಾಳೆ ಎಂದು ನೋಡಿದೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ. ಎಳೆ ಎಣಿಸಿ ಎಣಿಸಿ ಹಾಕಬೇಕು. ಗವಂತಿಯ ಹೊಲಿಗೆಯಲ್ಲಿ ಸೂಜಿ ಒಂದು ದಾರಿಯಲ್ಲಿ ಒಂದು ಬಿಟ್ಟು ಒಂದು ಹೋಗಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಬಟ್ಟೆಯ ಹಿಂದೂ ಮುಂದೂ ಒಂದೇ ಚಿತ್ರ ಕಾಣಬೇಕು. ಗೋಪುರದ ಮೇಲಿನ ಕಳಸಕ್ಕೆ ಹೋದ ದಾರ ಯಾವ ದಾರಿಯಿಂದ ಇಳಿಯಬೇಕು ಎಂಬುದನ್ನು ಏರುವ ಮೊದಲೇ ಮನಸ್ಸಿನಲ್ಲಿ ಬಿಡಿಸಿಕೊಂಡಿರಬೇಕು. ಇದು ಗಣಿತದ ಸಮಸ್ಯೆ ಸ್ವಾಮಿ, ಕಾಲೇಜಿನ ಮಟ್ಟದ್ದು. ಅವಳು ಒಲೆಯ ಮೇಲೆ ಬೇಳೆ ಕುದಿಯುವ ಹೊತ್ತಿನಲ್ಲಿ ಬಿಡಿಸುತ್ತಿದ್ದಳು.

ನಾವು ಗಂಡಸರು ಹಲವು ವಿದ್ಯೆಗಳ ಬಗ್ಗೆ ಉಪನ್ಯಾಸ ಮಾಡುತ್ತೇವೆ. ಅಡಿಗೆ, ಹೈನು, ಬೀಜದ ಆಯ್ಕೆ, ಬಾಣಂತನ, ಹೊಲಿಗೆ, ಸಂಘದ ಲೆಕ್ಕ ಇವೆಲ್ಲದರಲ್ಲಿ ನುರಿತ ತಾಯಂದಿರು ಈ ಸಭೆಯಲ್ಲೇ ನೂರು ಮಂದಿ ಕುಳಿತಿದ್ದಾರೆ. ಅವರಿಗೆ ಯಾರೂ ಬಹುಮುಖ ಪ್ರತಿಭೆ ಎಂದು ಶಾಲು ಹೊದಿಸುವುದಿಲ್ಲ. ಹಳಕಟ್ಟಿಯವರು ಮುದ್ರಣಾಲಯಕ್ಕಾಗಿ ಮನೆ ಮಾರಿದರು ಎಂದು ಹೇಳುವಾಗ ನಮ್ಮ ಕಣ್ಣು ತುಂಬುತ್ತದೆ. ತುಂಬಲಿ. ಆದರೆ ಮಾರಿದ ಆ ಮನೆಯಲ್ಲಿ ಒಲೆ ಹಚ್ಚುತ್ತಿದ್ದವರ ಬಗ್ಗೆ ಒಂದು ಉಪನ್ಯಾಸವನ್ನೂ ನಾನು ಕೇಳಿಲ್ಲ. ಒಬ್ಬನ ಹಲವು ತೂಬುಗಳಿಗೆ ನೀರು ಮುಟ್ಟಬೇಕಾದರೆ ಆ ಮನೆಯಲ್ಲಿ ಇನ್ನೊಬ್ಬರ ಗೇಟು ಮುಚ್ಚಿರುತ್ತದೆ. ಅದು ಚಾಲು-ಬಂದ್ ಅಲ್ಲ, ಬರೀ ಬಂದ್. ಸರದಿ ಎಂದ ಮೇಲೆ ಅವರದೂ ಬರಬೇಕಲ್ಲವೇ? ನೀರಾವರಿಯಲ್ಲಿ ಕೊನೆಯಂಚಿನ ರೈತ ಕಚೇರಿಯ ಮುಂದೆ ಧರಣಿ ಕೂರುತ್ತಾನೆ. ಮನೆಯ ಕೊನೆಯಂಚಿನಲ್ಲಿ ಇರುವವರು ಎಲ್ಲಿ ಕೂರಬೇಕು?

ಶರಣರ ಕಾಲದಲ್ಲಿ ಈ ಭೇದ ಇಷ್ಟು ಇರಲಿಲ್ಲ ಎಂಬುದು ಅವರ ಹೆಸರುಗಳಿಂದಲೇ ಗೊತ್ತಾಗುತ್ತದೆ. ಆಯ್ದಕ್ಕಿ ಲಕ್ಕಮ್ಮ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹೆಸರಿನ ಮುಂದೆಯೇ ಕಾಯಕ. ಕಾಯಕವೂ ನಡೆಯಿತು, ವಚನವೂ ಬಂತು. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ನನ್ನ ಕಸುಬಿನ ಅಭಿಮಾನದಿಂದ ಒಂದು ಹೆಸರನ್ನು ಬಿಡಲಾರೆ, ಸೊನ್ನಲಿಗೆಯ ಸಿದ್ಧರಾಮೇಶ್ವರರು. ಕೆರೆ ಕಟ್ಟಿಸಿದವರು, ವಚನ ಬರೆದವರು. ಸೊಲ್ಲಾಪುರಕ್ಕೆ ಹೋದವರು ದೇವಸ್ಥಾನದ ಸುತ್ತಲಿನ ಆ ಕೆರೆಯನ್ನು ನೋಡಿಯೇ ಇರುತ್ತೀರಿ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಈ ಕಟ್ಟುವ ಕೆಲಸವನ್ನೇ ಪ್ರಶ್ನೆಗೆ ಒಡ್ಡಿದರು ಎಂಬುದು ಶೂನ್ಯಸಂಪಾದನೆಯ ಪ್ರಸಂಗ. ಆ ಪ್ರಸಂಗದ ತತ್ತ್ವವನ್ನು ಪೂಜ್ಯರೇ ಬಿಡಿಸಿ ಹೇಳಬೇಕು, ಅದು ನನ್ನ ಹದ್ದಿನ ಆಚೆಯದು. ನನಗೆ ಕಾಣುವುದು ಇಷ್ಟು: ಅಂಥ ಸಿದ್ಧರಾಮರಿಗೂ ಮುಖಕ್ಕೆ ಮುಖ ಕೊಟ್ಟು ಕೇಳುವ ಒಬ್ಬ ಪರೀಕ್ಷಕ ಸಿಕ್ಕರು. ಕಲ್ಯಾಣದ ಅನುಭವಮಂಟಪ ಎಂದರೆ ಅಂಥವರೇ ತುಂಬಿದ ಜಾಗ ಅಲ್ಲವೇ? ಮಡಿವಾಳ ಮಾಚಯ್ಯನವರು ಬಟ್ಟೆಯ ಕೊಳೆ ಬಿಟ್ಟರೂ ಮಾತಿನ ಕೊಳೆ ಬಿಡುವವರಲ್ಲ.

ಪ್ರಸಾದನಿಲಯದ ಮಕ್ಕಳಿಗೆ ಒಂದು ಕೆಲಸದ ಮಾತು. ಈ ಮಠದ ಕಪಾಟಿನಲ್ಲಿ ಓಲೆಕಟ್ಟುಗಳಿವೆ, ಒಂದು ಪೆಟ್ಟಿಗೆ ತುಂಬ ಮೋಡಿ ಕಾಗದಗಳೂ ಇವೆ. ಓದುವವರು ಈಗ ನಾವು ಇಬ್ಬರು, ಇಬ್ಬರಿಗೂ 60 ದಾಟಿದೆ. ಪೂಜ್ಯರ ಅಪ್ಪಣೆ ಪಡೆದು ಪ್ರತಿ ಭಾನುವಾರ ಮಧ್ಯಾಹ್ನ 4ಕ್ಕೆ ಗ್ರಂಥಾಲಯದಲ್ಲಿ ಕಲಿಸಲು ಕೂರುತ್ತೇವೆ. ಹತ್ತು ಜನ ಸಾಕು, ಅದರಲ್ಲಿ ಐವರು ಹೆಣ್ಣುಮಕ್ಕಳಿರಬೇಕು ಎಂದು ಪೂಜ್ಯರು ಹೇಳಿದ್ದಾರೆ. ತಾಯಂದಿರು ಬಂದರೆ ಇನ್ನೂ ಸಂತೋಷ, ಆ ಹೊತ್ತಿನ ಚಹಾ ಗಂಡಸರು ಮಾಡುತ್ತಾರೆ. ನೀವು ಓದಿದ್ದು ತಪ್ಪಿದ್ದರೆ ತಪ್ಪು ಎಂದೇ ಹೇಳುತ್ತೇವೆ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಈ ವರ್ಷ ಬೋರ್ಡ್ ಪರೀಕ್ಷೆ ಇದ್ದವರು ಮುಗಿಸಿಕೊಂಡು ಬನ್ನಿ, ಹೆಸರನ್ನು ಮಾತ್ರ ಇವತ್ತೇ ಬರೆಸಿ ಹೋಗಿ. ಪ್ರಸಾದಕ್ಕೆ ಇನ್ನೂ ಹತ್ತು ನಿಮಿಷ ಇದೆ, ಪ್ರಶ್ನೆಗಳಿದ್ದರೆ ಕೇಳಬಹುದು.